ನಮ್ಮ ಶಾಲೆಯಲ್ಲಿ ಶಿಸ್ತು: ಬೆತ್ತದಿಂದಲೋ, ಪ್ರೀತಿಯಿಂದಲೋ?



ಜೂನ್ ಬಂತೆಂದರೆ ನಮ್ಮ ಮನೆಗಳಲ್ಲಿ ಹೊಸ ಸಮವಸ್ತ್ರ, ಹೊಸ ಪುಸ್ತಕಗಳ ಗಡಿಬಿಡಿ. ಶಾಲೆಯಿಂದ ಬರುವ ಡೈರಿಯ ಮೊದಲ ಪುಟಗಳಲ್ಲಿ ನಿಯಮಗಳಿರುತ್ತವೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದದೆಯೇ ಸಹಿ ಹಾಕುತ್ತೇವೆ. ಮಗುವಿನ ಮೇಲೆ ದೂರು ಬಂದಾಗ ಮಾತ್ರ ಆ ಪುಟ ನೆನಪಾಗುತ್ತದೆ. ಆಗ, "ನಾಲ್ಕು ಬಾರಿಸಿ ಸಿಸ್ಟರ್, ನಾವು ಕೇಳೋದಿಲ್ಲ" ಎನ್ನುತ್ತೇವೆ, ಇಲ್ಲವೆ, "ನನ್ನ ಮಗನನ್ನು ಗದರಿಸೋಕೆ ನೀವ್ಯಾರು?" ಎಂದು ಜಗಳಕ್ಕೆ ನಿಲ್ಲುತ್ತೇವೆ. ಎರಡರಿಂದಲೂ ಮಗು ತಿದ್ದಿಕೊಳ್ಳುವುದಿಲ್ಲ. ಹಾಗಾದರೆ ಕಥೋಲಿಕ ಶಾಲೆಯ ಶಿಸ್ತು ಹೇಗಿರಬೇಕು? ಈ ಪಾಠದಲ್ಲಿ ವಿಚಾರ ಮಾಡೋಣ.

1. ಪವಿತ್ರ ಗ್ರಂಥದ ಬೆಳಕಿನಲ್ಲಿ

ಬೆತ್ತದ ಪರವಾಗಿ ಮಾತನಾಡುವವರು ಜ್ಞಾನೋಕ್ತಿ 13:24ನ್ನು ತೋರಿಸುತ್ತಾರೆ. ಮಗನನ್ನು ತಿದ್ದದೆ ಬಿಡುವ ತಂದೆ ಅವನನ್ನು ನಿಜವಾಗಿ ಪ್ರೀತಿಸುತ್ತಿಲ್ಲ ಎಂಬುದು ಅದರ ಸಾರ. ಅಲ್ಲಿ ಕೋಲಿನ ಮಾತು ಇದೆ, ನಿಜ. ಆದರೆ 23ನೆಯ ಕೀರ್ತನೆಯ ಕುರಿಗಾಹಿಯ ಕೈಯಲ್ಲೂ ಕೋಲಿದೆ. ಅದು ಕುರಿಗೆ ಧೈರ್ಯ ತುಂಬುವ ಕೋಲು. ಮಕ್ಕಳನ್ನು ಕೆರಳಿಸದೆ ಪ್ರಭುವಿನ ಶಿಕ್ಷಣದಲ್ಲಿ ಬೆಳೆಸಬೇಕೆಂದು ಸಂತ ಪೌಲರು ಎಫೆಸದವರಿಗೆ ಬರೆದರು (6:4). ಮಕ್ಕಳ ಎದೆಗುಂದಿಸಬಾರದೆಂದು ಕೊಲೊಸ್ಸೆಯವರನ್ನೂ ಎಚ್ಚರಿಸಿದರು (3:21). ಮಕ್ಕಳಿಗೂ ಒಂದು ಪಾಠವಿದೆ: ಬಾಲಯೇಸು ನಜರೇತಿನಲ್ಲಿ ತಂದೆತಾಯಿಗೆ ವಿಧೇಯರಾಗಿ ಬೆಳೆದರು (ಲೂಕ 2:51).

2. ಡಾನ್ ಬೋಸ್ಕೊ ತೋರಿಸಿದ ದಾರಿ

ಇಟಲಿಯ ತೂರಿನ್ ನಗರದ ಬಡ ಹುಡುಗರಿಗಾಗಿ ಬದುಕನ್ನೇ ಸವೆಸಿದ ಸಂತ ಜಾನ್ ಬೋಸ್ಕೊ (1815–1888) ಈ ವಿಷಯದಲ್ಲಿ ನಮ್ಮ ಗುರುಗಳು. ತಮ್ಮ ಶಿಕ್ಷಣ ಪದ್ಧತಿಯನ್ನು ಅವರು 1877ರಲ್ಲಿ ಒಂದು ಕಿರುಬರಹದಲ್ಲಿ ವಿವರಿಸಿದರು. ತಪ್ಪಾದ ಮೇಲೆ ದಂಡಿಸುವುದಕ್ಕಿಂತ ತಪ್ಪಾಗದಂತೆ ಮಕ್ಕಳ ಜೊತೆಗಿರುವುದು ಮೇಲು ಎಂಬುದು ಅದರ ತಿರುಳು. ಅದಕ್ಕೆ ಮೂರು ಆಧಾರಗಳು: ವಿವೇಚನೆ, ಧರ್ಮ, ಅಕ್ಕರೆ.

ವಿವೇಚನೆ ಎಂದರೆ ನಿಯಮವನ್ನೂ ಅದರ ಕಾರಣವನ್ನೂ ಮೊದಲೇ ತಿಳಿಸುವುದು. ಧರ್ಮ ಎಂದರೆ ಯಾರೂ ನೋಡದಿದ್ದಾಗಲೂ ದೇವರ ಮುಂದೆ ಸರಿಯಾಗಿ ನಡೆಯುವ ಮನಸ್ಸಾಕ್ಷಿಯನ್ನು ಬೆಳೆಸುವುದು. ಅಕ್ಕರೆ ಎಂದರೆ ತನ್ನನ್ನು ಪ್ರೀತಿಸುತ್ತಾರೆಂಬುದು ಮಗುವಿಗೇ ಗೊತ್ತಾಗುವ ಹಾಗೆ ನಡೆದುಕೊಳ್ಳುವುದು. ಹೊಡೆಯುವುದು, ಕಿವಿ ಹಿಂಡುವುದು, ನೋವಾಗುವಂತೆ ಮಂಡಿಯೂರಿಸುವುದು ಬೇಡವೇ ಬೇಡ ಎಂದರು ಅವರು. ಅದರಿಂದ ಮಗು ಕೆರಳುತ್ತದೆ, ಶಿಕ್ಷಕನ ಗೌರವವೂ ಕುಂದುತ್ತದೆ. ತಿದ್ದುವ ಮಾತನ್ನು ಆದಷ್ಟು ಹತ್ತು ಜನರ ಮುಂದೆ ಆಡದೆ, ಒಬ್ಬನನ್ನೇ ಕರೆದು ಆಡಬೇಕು. 1906ರಲ್ಲಿ ತಂಜಾವೂರಿಗೆ ಬಂದ ಸಲೇಸಿಯನ್ ಗುರುಗಳು ಈ ಪದ್ಧತಿಯನ್ನು ನಮ್ಮ ದೇಶಕ್ಕೂ ತಂದರು.

3. ಕಾನೂನು ಮತ್ತು ಮನಸ್ಸಾಕ್ಷಿ

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಆ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಾಗೆಂದು ನಮ್ಮ ಶಾಲೆಗಳಿಗೆ ಬೆತ್ತ ಹಿಡಿಯಲು ಪರವಾನಗಿ ಸಿಕ್ಕಿತೆಂದು ತಿಳಿಯಬಾರದು. ಮಗುವಿನ ಹೊಣೆ ಹೊತ್ತವರು ಅದನ್ನು ಹಿಂಸಿಸಿದರೆ ಅದು 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಅಪರಾಧ. ಎಲ್ಲಕ್ಕಿಂತ ಮಿಗಿಲಾಗಿ, ಮಗುವನ್ನು ನಡುವೆ ನಿಲ್ಲಿಸಿ ಸ್ವರ್ಗರಾಜ್ಯದ ಮಾತು ಹೇಳಿದ ಯೇಸುಸ್ವಾಮಿಯ ಹೆಸರಿನಲ್ಲಿ ನಡೆಯುವ ಶಾಲೆ ಇತರ ಶಾಲೆಗಳಿಗಿಂತ ಕಠಿಣವಾಗಿರಲು ಸಾಧ್ಯವೇ?

4. ಮನೆಮಾತು ತಪ್ಪಲ್ಲ

ನಮ್ಮ ಧರ್ಮಪ್ರಾಂತ್ಯದಲ್ಲಿ ಹಲವು ಭಾಷೆಗಳಿವೆ. ತರಗತಿಯಲ್ಲಿ ಇಂಗ್ಲಿಷ್ ಕಲಿಯಲಿ, ರಾಜ್ಯದ ಭಾಷೆಯನ್ನೂ ಚೆನ್ನಾಗಿ ಕಲಿಯಲಿ. ಆದರೆ ಆಟದ ಬಯಲಿನಲ್ಲಿ ಗೆಳತಿಯೊಡನೆ ಕನ್ನಡದಲ್ಲಿ ಮಾತನಾಡಿದ ಮಗುವಿಗೆ ದಂಡ ಹಾಕಿದರೆ ಅದು ಶಿಸ್ತಲ್ಲ. ತಾಯಿ ಪ್ರಾರ್ಥನೆ ಕಲಿಸಿದ ಮಾತೇ ಅಪರಾಧವೆಂದು ಆ ಮಗು ತಿಳಿಯುತ್ತದೆ. ಶಾಲೆ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ಧಾರ್ಮಿಕ ಅಲ್ಪಸಂಖ್ಯಾತರಿಗೂ ಭಾಷಾ ಅಲ್ಪಸಂಖ್ಯಾತರಿಗೂ ಒಟ್ಟಿಗೇ ಕೊಟ್ಟಿದೆ. ಆ ಹಕ್ಕಿನ ಮೇಲೆ ನಿಂತ ಶಾಲೆ ಚಿಕ್ಕ ಸಮುದಾಯದ ಭಾಷೆಯನ್ನು ಹೀಗಳೆಯುವುದು ಸಲ್ಲದು. ಇಂಥದ್ದೇನಾದರೂ ನಡೆದರೆ ಬೀದಿಯಲ್ಲಿ ದೂರದೆ, ಮುಖ್ಯೋಪಾಧ್ಯಾಯರನ್ನು ಕಂಡು ವಿನಯದಿಂದ, ಆದರೆ ಹಿಂಜರಿಯದೆ ಹೇಳೋಣ.

5. ನಮ್ಮ ಪಾಲು

ತಂದೆತಾಯಿಯರೇ ಮಕ್ಕಳ ಮೊದಲ ಶಿಕ್ಷಕರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟವಾಗಿ ಬೋಧಿಸಿತು. ಶಾಲೆಗೆ ಪ್ರೀತಿಯಿರಲಿ ಎಂದು ಕೇಳುವ ನಾವು, ಮನೆಯಲ್ಲಿ ಶಿಸ್ತನ್ನು ಕೊಡಬೇಕು. ಮೊಬೈಲ್ ಹಿಡಿದು ಅರ್ಧರಾತ್ರಿಯವರೆಗೆ ಎದ್ದಿರುವ ಮಗು ಬೆಳಗಿನ ಗಂಟೆಗೆ ಸರಿಯಾಗಿ ಬರುವುದು ಹೇಗೆ? ಮಗುವಿನ ಎದುರಿಗೇ ಶಿಕ್ಷಕಿಯನ್ನು ಹಳಿದರೆ ನಾಳೆ ಅದು ಆಕೆಯ ಮಾತು ಕೇಳೀತೇ? ತಪ್ಪು ಮಾಡಿದ ಮಗು ಅದನ್ನು ಒಪ್ಪಿಕೊಳ್ಳಲಿ, ಕ್ಷಮೆ ಕೇಳಲಿ, ಆದ ನಷ್ಟವನ್ನು ಸರಿಪಡಿಸಲಿ. ಪಾಪನಿವೇದನೆಯಲ್ಲಿ ನಾವು ನಡೆಯುವ ದಾರಿಯೂ ಇದೇ ಅಲ್ಲವೇ?

ಮನೆಯಲ್ಲಿ ಚರ್ಚಿಸಲು

1. ಡೈರಿಯ ನಿಯಮಗಳನ್ನು ಮಕ್ಕಳ ಜೊತೆ ಕೂತು ಓದಿದ್ದೇವೆಯೇ?
2. ಕಳೆದ ಸಲ ಮಗುವನ್ನು ತಿದ್ದಿದ್ದು ಅದರ ಒಳಿತಿಗೋ, ನಮ್ಮ ಸಿಟ್ಟಿಗೋ?
3. ನಮ್ಮ ಮಗುವಿನ ತರಗತಿ ಶಿಕ್ಷಕರನ್ನು ದೂರಿಲ್ಲದ ದಿನವೂ ಒಮ್ಮೆ ಭೇಟಿಯಾಗಿದ್ದೇವೆಯೇ?

ಪ್ರಾರ್ಥನೆ: ಪ್ರಭುವೇ, ನಮ್ಮ ಮಕ್ಕಳನ್ನೂ ಅವರ ಗುರುಗಳನ್ನೂ ಆಶೀರ್ವದಿಸಿ. ತಿದ್ದುವ ಧೈರ್ಯವನ್ನೂ ಕಾಯುವ ತಾಳ್ಮೆಯನ್ನೂ ನಮಗೆ ದಯಪಾಲಿಸಿ. ಆಮೆನ್.