ತ್ವಂಕಾರದ ವಿಚಾರ

ಮಹಾಭಾರತದ ಕರ್ಣಪರ್ವದಲ್ಲಿ ಒಂದು ವಿಚಿತ್ರ ಪ್ರಸಂಗವುಂಟು. ಕರ್ಣನ ಬಾಣಗಳಿಂದ ನೊಂದು ಪಾಳೆಯಕ್ಕೆ ಮರಳಿದ ಧರ್ಮರಾಯನು ಅರ್ಜುನನನ್ನು ನಿಂದಿಸಿ, ಗಾಂಡೀವವನ್ನು ಬೇರೊಬ್ಬನಿಗೆ ಕೊಟ್ಟುಬಿಡೆಂದನು. ಹಾಗೆಂದವನ ತಲೆಯನ್ನು ಕಡಿಯುವೆನೆಂಬುದು ಅರ್ಜುನನ ಗುಪ್ತಪ್ರತಿಜ್ಞೆ. ಅವನು ಖಡ್ಗವನ್ನು ಹಿರಿದನು. ಆಗ ಶ್ರೀಕೃಷ್ಣನು ಸೂಚಿಸಿದ ಉಪಾಯವೇನು? ‘ಭವಾನ್’ ಎನ್ನತಕ್ಕ ಅಣ್ಣನನ್ನು ‘ತ್ವಂ’ ಎಂದು ಸಂಬೋಧಿಸಿದರೆ ಸಾಕು, ಹಿರಿಯನಿಗೆ ಅದೇ ವಧೆಯಾಯಿತು, ಪ್ರತಿಜ್ಞೆಯೂ ಉಳಿಯಿತು ಎಂಬುದು.

ಒಂದು ಸರ್ವನಾಮಕ್ಕೆ ಇಷ್ಟು ತೂಕವೇ ಎಂದು ವಾಚಕರು ಬೆರಗಾಗಬಹುದು. ಮನುಸ್ಮೃತಿಯ 11ನೆಯ ಅಧ್ಯಾಯವಂತೂ ಇದಕ್ಕೆ ಪ್ರಾಯಶ್ಚಿತ್ತವನ್ನೇ ವಿಧಿಸಿದೆ. ತನಗಿಂತ ಹಿರಿಯನಾದವನಿಗೆ ತ್ವಂಕಾರವನ್ನಾಡಿದವನು ಸ್ನಾನಮಾಡಿ, ಆ ದಿನದ ಉಳಿದ ಭಾಗವೆಲ್ಲ ಉಪವಾಸವಿದ್ದು, ನಮಸ್ಕರಿಸಿ ಅವನನ್ನು ಪ್ರಸನ್ನಗೊಳಿಸಬೇಕು. ಆದರೆ ಆ ವಿಧಿಯ ದೃಷ್ಟಿ ಮೇಲ್ಮುಖವಾದುದು. ಒಡೆಯನು ಆಳನ್ನು ಏಕವಚನದಿಂದ ಕರೆದರೆ ಏನು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಈ ಪ್ರಶ್ನೆಯನ್ನು ಎತ್ತಿದವರು ಬೇರೆ ದೇಶದಲ್ಲೂ ಇದ್ದರು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡವರಿಗೆ ‘ಯೂ’ ಎಂಬ ಬಹುವಚನ, ಚಿಕ್ಕವರಿಗೆ ‘ದೌ’ ಎಂಬ ಏಕವಚನ ರೂಢಿಯಾಗಿತ್ತು. ಜಾರ್ಜ್ ಫಾಕ್ಸ್ ಮೊದಲಾದ ಕ್ವೇಕರರು ನ್ಯಾಯಾಧೀಶನನ್ನೂ ‘ದೌ’ ಎಂದೇ ಕರೆದು, ಬೈಗುಳನ್ನೂ ಪೆಟ್ಟುಗಳನ್ನೂ ಸಹಿಸಿದರು. ಒಬ್ಬನಿಗೆ ಏಕವಚನವೇ ಸತ್ಯವೆಂದು ತೋರಿಸಲು ಹಲವು ಭಾಷೆಗಳ ಉದಾಹರಣೆಗಳುಳ್ಳ ದೊಡ್ಡ ಗ್ರಂಥವೊಂದನ್ನು 1660ರಲ್ಲಿ ಅಚ್ಚುಹಾಕಿಸಿದರು. ವ್ಯಾಕರಣಕ್ಕಾಗಿ ಪೆಟ್ಟು ತಿಂದವರು ಲೋಕದಲ್ಲಿ ವಿರಳ!

ಅವರು ಎಲ್ಲರನ್ನೂ ಏಕವಚನಕ್ಕೆ ಇಳಿಸಿ ಸಮಾನರನ್ನಾಗಿಸಿದರು. ನಮ್ಮ ಶರಣರ ದಾರಿ ಇದಕ್ಕೆ ತಿರುಗುಮುರುಗು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳನ್ನು ನೋಡಿರಿ. ಕಾಯಕದ ಹೆಸರು ಮುಂದೆ, ‘ಅಯ್ಯ’ ಎಂಬ ಗೌರವ ಹಿಂದೆ, ಎರಡಕ್ಕೂ ವಿರೋಧವಿಲ್ಲ. ಕೂಗಿದವನ ಬಾಯಲ್ಲಿ ಪ್ರತಿಸಲವೂ ಮರ್ಯಾದೆ ಹೊರಟೇ ಹೊರಡಬೇಕು. ಇತ್ತ ದೇವನನ್ನೇ ‘ನೀನು’ ಎನ್ನಲು ಅವರು ಅಳುಕಲಿಲ್ಲ.

ಏಕವಚನವೆಲ್ಲ ಅವಮಾನವೆಂದು ಇದರ ಅರ್ಥವಲ್ಲ. ತಾಯಿಯನ್ನು ‘ನೀನು’ ಎನ್ನುವ ಮನೆಗಳು ಎಷ್ಟೋ ಇವೆ. ಅಲ್ಲಿ ಸಲಿಗೆಯೇ ಪೂಜೆ. ‘ತಾವು ದೊಡ್ಡವರು’ ಎಂದು ಚುಚ್ಚುವವನ ಬಹುವಚನದಲ್ಲಿ ಗೌರವವೂ ಇಲ್ಲ. ಆದರೆ ಎಪ್ಪತ್ತು ವರ್ಷದ ಕೂಲಿಯವರನ್ನು ಹೊಲದ ಒಡೆಯನ ಹತ್ತು ವರ್ಷದ ಮಗ ‘ಏ, ಬಾರೋ’ ಎಂದು ಕರೆದರೆ, ಅದನ್ನು ಸಲಿಗೆಯೆಂದು ಯಾರು ಒಪ್ಪುವರು? ಆ ಮುದುಕರು ತಿರುಗಿ ಹಾಗೆ ಕರೆಯಲಾರರಷ್ಟೆ.

ವ್ಯಾಕರಣದ ಪಾಠದಲ್ಲಿ ಗೌರವಾರ್ಥದ ಬಹುವಚನಕ್ಕೆ ಉದಾಹರಣೆ ಕೇಳಿದರೆ ಮಕ್ಕಳು ‘ಗುರುಗಳು ಬಂದರು’, ‘ತಂದೆಯವರು ಹೇಳಿದರು’ ಎಂದು ತಪ್ಪಿಲ್ಲದೆ ಬರೆಯುತ್ತಾರೆ. ‘ಮಡಿವಾಳರು ಬಂದರು’ ಎಂದು ಒಬ್ಬ ಹುಡುಗ ಬರೆದರೆ, ಎಷ್ಟು ಮಂದಿ ಬಂದರೆಂದು ಪಕ್ಕದವನು ಕೇಳುತ್ತಾನೆ.