ಲಾರಿಯ ಉಸಿರು

ಹಾಸನದ ಕಡೆ ಒಂದು ಹಳ್ಳಿ. ಅಲ್ಲಿ ಒಬ್ಬ ಅಕ್ಕ ಇದ್ದಾಳೆ. ಅವಳ ಮನೆ ಮುಂದೆ ಒಂದು ಹಳೆಯ ಡೀಸೆಲ್ ಲಾರಿ. ಗಂಡನೇ ಡ್ರೈವರ್. ಮನೆಯವರ ಅನ್ನ ಆ ಲಾರಿಯಿಂದಲೇ.

ಲಾರಿ ಆಲೂಗಡ್ಡೆ ಹೊತ್ತು ಶಿರಾಡಿ ಘಾಟಿ ಇಳಿಯುತ್ತದೆ. ಮಂಗಳೂರಿಗೆ ಹೋಗುತ್ತದೆ. ಬರುವಾಗ ಹೆಂಚು ತರುತ್ತದೆ. ಈಚೆಗೆ ಲಾರಿ ಸೋಲತೊಡಗಿತು. ಗುಂಡ್ಯ ದಾಟಿ ಏರು ಸಿಕ್ಕಿದರೆ ಸಾಕು, ಏದುಸಿರು ಬಿಡುತ್ತದೆ. ಹಿಂದೆ ಕರೀ ಹೊಗೆ.

ಒಂದು ರಾತ್ರಿ ಗಂಡ ಹೇಳಿದ:

"ನೋಡೇ, ಗಾಡಿಗೆ ಪವರ್ ಸಾಲ್ತಿಲ್ಲ. ಪಂಪು ತಿರುಗಿಸಿ ಡೀಸೆಲ್ ಜಾಸ್ತಿ ಬಿಡಿಸ್ತೀನಿ. ಇಲ್ಲಾಂದ್ರೆ ಟರ್ಬೊ ಹಾಕಿಸ್ತೀನಿ. ನಿನ್ನ ಓಲೆ ಕೊಡು, ಗಿರವಿ ಇಡೋಣ."

ಅಕ್ಕ ಕಿವಿ ಮುಟ್ಟಿ ನೋಡಿಕೊಂಡಳು. ಅದು ತವರಿನ ಓಲೆ. ಅವಳು ಇಲ್ಲ ಎನ್ನಲಿಲ್ಲ. ಗೂಡಿನಿಂದ ಒಂದು ನೋಟ್‌ಬುಕ್ ತಂದಳು. ಓದು ಬರಹ ಕಲಿತ ಮೇಲೆ ಲಾರಿಯ ಲೆಕ್ಕ ಬರೆಯುವವಳು ಅವಳೇ.

"ರೀ, ಇಲ್ಲಿ ನೋಡಿ. ಮಂಗಳೂರಿಗೆ ಹೋಗಿ ಬರೋಕೆ 360 ಕಿಲೋಮೀಟರ್. ಯುಗಾದಿ ಹೊತ್ತಿಗೆ 80 ಲೀಟರ್ ಸಾಕಾಗ್ತಿತ್ತು. ಈಗ 90 ಕುಡೀತಿದೆ. ದಾರಿ ಅದೇ, ಲೋಡೂ ಅದೇ. ಜಾಸ್ತಿ ಕುಡಿದೂ ಸೋಲ್ತಿದೆ. ಇನ್ನೂ ಕುಡಿಸಿದ್ರೆ ಏನು ಬಂತು?"

ಗಂಡ ಸುಮ್ಮನಾದ. ಮಾರನೆಯ ದಿನ ಇಬ್ಬರೂ ಗ್ಯಾರೇಜಿಗೆ ಹೋದರು.

ಒಲೆಯೂ ಎಂಜಿನ್ನೂ

ಗ್ಯಾರೇಜಿನ ಮೇಸ್ತ್ರಿ ನೋಟ್‌ಬುಕ್ ನೋಡಿದ. ಆಮೇಲೆ ಕೇಳಿದ:

"ಅಕ್ಕಾ, ಒಲೆಗೆ ಸೌದೆ ತುರುಕಿದ್ರೆ ಏನಾಗುತ್ತೆ?"

"ಹೊಗೆ ಬರುತ್ತೆ ಅಣ್ಣಾ. ಊದುಕೊಳವೆ ತಗೊಂಡು ಊದಬೇಕು."

"ಎಂಜಿನ್ನೂ ಹಾಗೇನೇ. ಡೀಸೆಲ್ ಒಂದೇ ಸಾಲದು. ಉರಿಯೋಕೆ ಗಾಳಿ ಬೇಕು."

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಹಳ ಜೋರಾಗಿ ಒತ್ತುತ್ತಾರೆ. ಕಾದ ಗಾಳಿಗೆ ಡೀಸೆಲ್ ಚಿಮ್ಮುತ್ತದೆ. ಅದು ತಾನೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬುವನು 1897ರಲ್ಲಿ ಇಂಥ ಎಂಜಿನ್ ಓಡಿಸಿ ತೋರಿಸಿದ. ಅವನ ಹೆಸರೇ ಎಣ್ಣೆಗೂ ಬಂತು.

ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಸುಡುವುದಿಲ್ಲ. ಕರೀ ಹೊಗೆಯಾಗಿ ಹೋಗುತ್ತದೆ. ಅದು ನಮ್ಮ ದುಡ್ಡು. ಆಗ ಪಂಪು ತಿರುಗಿಸಿ ಇನ್ನೂ ಡೀಸೆಲ್ ಬಿಟ್ಟರೆ ಹೊಗೆ ಹೆಚ್ಚುತ್ತದೆ. ಎಂಜಿನ್ ಅತಿಯಾಗಿ ಕಾಯುತ್ತದೆ. ಪಿಸ್ಟನ್ ಕರಗಲೂಬಹುದು. ಆಗ ಒಂದು ಜೊತೆ ಓಲೆ ಮಾರಿದರೂ ಸಾಲದು.

ಕಳೆದ ಶಕ್ತಿಯನ್ನು ಹುಡುಕಿ

ಮೇಸ್ತ್ರಿ ಒಂದೊಂದಾಗಿ ನೋಡಿದ. ಕಡಿಮೆ ಖರ್ಚಿನದು ಮೊದಲು.

1. ಏರ್ ಫಿಲ್ಟರ್: ಧೂಳು ಕಟ್ಟಿದರೆ ಎಂಜಿನ್ನಿಗೆ ಉಸಿರುಗಟ್ಟುತ್ತದೆ.

2. ಡೀಸೆಲ್ ಫಿಲ್ಟರ್: ಕಸ ತುಂಬಿದರೆ ಡೀಸೆಲ್ ಸರಿಯಾಗಿ ಹರಿಯುವುದಿಲ್ಲ. ಅದರೊಳಗೆ ನಿಂತ ನೀರನ್ನೂ ಆಗಾಗ ಬಿಡಬೇಕು.

3. ನಾಜಲ್: ಡೀಸೆಲ್ ಮಂಜಿನಂತೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಸರಿಯಾಗಿ ಉರಿಯದು.

4. ಟ್ಯಾಪೆಟ್: ಅಳತೆ ತಪ್ಪಿದರೆ ಗಾಳಿ ಸರಿಯಾಗಿ ಒಳಗೆ ಬರದು, ಹೊಗೆ ಹೊರಗೆ ಹೋಗದು.

5. ಕ್ಲಚ್, ಬ್ರೇಕ್, ಟೈರು: ಕ್ಲಚ್ ಜಾರಿದರೆ ಶಕ್ತಿ ಗಾಲಿಗೆ ತಲುಪದು. ಬ್ರೇಕ್ ಹಿಡಿದುಕೊಂಡಿದ್ದರೆ ಗಾಲಿ ಸಲೀಸಾಗಿ ಉರುಳದು. ಟೈರಿನಲ್ಲಿ ಗಾಳಿ ಕಡಿಮೆ ಇದ್ದರೂ ಡೀಸೆಲ್ ಹೆಚ್ಚು ಬೇಕು.

ಈ ಲಾರಿಯ ಏರ್ ಫಿಲ್ಟರ್ ಧೂಳಿನಿಂದ ಮುಚ್ಚಿಹೋಗಿತ್ತು. ಎರಡು ನಾಜಲ್ ತೊಟ್ಟಿಕ್ಕುತ್ತಿದ್ದವು. ಹಿಂದಿನ ಒಂದು ಗಾಲಿಯ ಬ್ರೇಕ್ ಹಿಡಿದುಕೊಂಡಿತ್ತು. ಮೂರನ್ನೂ ಸರಿಮಾಡಿದರು.

ಟರ್ಬೊ ಎಂದರೆ ಏನು?

ಅಕ್ಕ ಕೇಳಿದಳು: "ಅಣ್ಣಾ, ಟರ್ಬೊ ಅಂದ್ರೆ ಏನು?"

"ಅದೇ ಎಂಜಿನ್ನಿನ ಊದುಕೊಳವೆ ಅಕ್ಕಾ."

ಹೊರಗೆ ಹೋಗುವ ಹೊಗೆ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ಜೊತೆ ಇನ್ನೊಂದು ಚಕ್ರ ತಿರುಗಿ ಗಾಳಿಯನ್ನು ಎಂಜಿನ್ನಿಗೆ ನೂಕುತ್ತದೆ. ಗಾಳಿ ಹೆಚ್ಚಾದರೆ ಹೆಚ್ಚು ಡೀಸೆಲ್ ಸರಿಯಾಗಿ ಉರಿಯುತ್ತದೆ. ಶಕ್ತಿ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬುವನು 1905ರಲ್ಲೇ ಇದರ ಹಕ್ಕುಪತ್ರ ಪಡೆದಿದ್ದ.

ಆದರೆ ಟರ್ಬೊಗೆಂದೇ ಮಾಡಿದ ಎಂಜಿನ್ ಬೇರೆ. ಅದರ ಪಿಸ್ಟನ್, ಆಯಿಲ್ ದಾರಿ, ರೇಡಿಯೇಟರ್ ಹೆಚ್ಚು ಶಾಖ ತಡೆಯುವಂತೆ ಇರಬೇಕು. ಸವೆದ ಎಂಜಿನ್ನಿಗೆ ಟರ್ಬೊ ಕಟ್ಟಿದರೆ ಅದು ಬೇಗ ಕೆಡುತ್ತದೆ.

ಕಾನೂನೂ ಇದೆ. ಆರ್‌ಸಿಯಲ್ಲಿ ಇರುವ ವಿವರ ಬೇರೆಯಾಗುವಂತೆ ಗಾಡಿಯನ್ನು ಮನಬಂದಂತೆ ಬದಲಿಸಬಾರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೀಗೆ ಹೇಳುತ್ತದೆ. ಎಂಜಿನ್ ಬದಲಿಸುವುದಾದರೆ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿ, ಒಪ್ಪಿಗೆ ಪಡೆಯಬೇಕು.

ಶಕ್ತಿ ಬಂತೆಂದು ಹೆಚ್ಚು ಲೋಡು ಹಾಕುವುದೂ ತಪ್ಪು. 2019ರ ತಿದ್ದುಪಡಿಯ ಪ್ರಕಾರ ಮಿತಿ ಮೀರಿದ ಲೋಡಿಗೆ ದಂಡ 20,000 ರೂಪಾಯಿ. ಹೆಚ್ಚಾದ ಒಂದೊಂದು ಟನ್ನಿಗೆ ಮತ್ತೆ 2,000 ರೂಪಾಯಿ.

ಮೇಸ್ತ್ರಿ ಗಂಡನಿಗೆ ಇನ್ನೊಂದು ಮಾತು ಹೇಳಿದ: "ಘಾಟಿ ಹತ್ತೋಕೆ ಎಂಜಿನ್ ಬೇಕು. ಇಳಿಯೋಕೆ ಬ್ರೇಕ್ ಬೇಕು. ಡೀಸೆಲ್ ಉಳಿಸ್ತೀನಿ ಅಂತ ನ್ಯೂಟ್ರಲ್‌ನಲ್ಲಿ ಇಳಿಸಬೇಡ. ಗೇರಿನಲ್ಲೇ ಇಳಿಸು."

ನೋಟ್‌ಬುಕ್ಕಿನ ಹೊಸ ಸಾಲು

ಆ ವಾರ ಲಾರಿ ಮತ್ತೆ ಮಂಗಳೂರಿಗೆ ಹೋಯಿತು. ವಾಪಸ್ ಬರುವ ರಾತ್ರಿ ಅಕ್ಕನಿಗೆ ನಿದ್ದೆ ಬರಲಿಲ್ಲ. ಎರಡು ಗಂಟೆಗೆ ಫೋನ್ ಬಂತು.

"ಸಕಲೇಶಪುರಕ್ಕೆ ಬಂದೆ ಕಣೇ. ಘಾಟೀಲಿ ಎಲ್ಲೂ ನಿಲ್ಲಿಸಲಿಲ್ಲ. ಹೊಗೇನೂ ಇಲ್ಲ."

ಬೆಳಿಗ್ಗೆ ಗಂಡ ಬಂದ. ಕೈಕಾಲು ತೊಳೆಯುವ ಮೊದಲೇ ಡೀಸೆಲ್ ಚೀಟಿ ಅವಳ ಕೈಗೆ ಕೊಟ್ಟ. ಅಕ್ಕ ಬರೆದಳು: 360 ಕಿಲೋಮೀಟರ್, 81 ಲೀಟರ್. ಬಗ್ಗಿ ಬರೆಯುವಾಗ ಅವಳ ಕಿವಿಯ ಓಲೆ ಅಲುಗಾಡಿತು.

ಓದಿ, ಉತ್ತರ ಹೇಳಿ

1. ಕರೀ ಹೊಗೆ ಏಕೆ ಬರುತ್ತದೆ?

2. ಮೇಸ್ತ್ರಿ ಲಾರಿಯಲ್ಲಿ ಯಾವ ಮೂರು ದೋಷ ಕಂಡುಹಿಡಿದ?

3. ಅಕ್ಕನ ನೋಟ್‌ಬುಕ್ ಇಲ್ಲದಿದ್ದರೆ ಏನಾಗುತ್ತಿತ್ತು? ಮಾತಾಡಿ.

ಲೆಕ್ಕ ಮಾಡಿ

ಒಂದು ಟ್ರಿಪ್ಪಿಗೆ 10 ಲೀಟರ್ ಡೀಸೆಲ್ ವ್ಯರ್ಥ. ತಿಂಗಳಿಗೆ 4 ಟ್ರಿಪ್ಪು. ಲೀಟರಿಗೆ 90 ರೂಪಾಯಿ ಎಂದು ಹಿಡಿಯಿರಿ. ತಿಂಗಳಿಗೆ ಎಷ್ಟು ರೂಪಾಯಿ ನಷ್ಟ?