ಹೊಸ ಪೀಡೆಯ ಸಂಶಯ ಬಂದಾಗ ರೇಷ್ಮೆ ಬೆಳೆಗಾರನು ಮಾಡತಕ್ಕ ತೀರ್ಮಾನ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ರಾಗಿ, ತೆಂಗು, ಮಾವುಗಳೊಡನೆ ರೇಷ್ಮೆಯೂ ಬೇಸಾಯಗಾರರಿಗೆ ಮುಖ್ಯವಾದ ಜೀವನಾಧಾರವಾಗಿದೆ. ರಾಗಿಯ ಹೊಲಕ್ಕೆ ಕೇಡು ತಗುಲಿದರೆ ಯೋಚಿಸುವುದಕ್ಕೆ ತುಸು ಅವಕಾಶವುಂಟು. ರೇಷ್ಮೆ ಹುಳುವಾದರೋ ಮೊಟ್ಟೆಯೊಡೆದು ಬಂದ ಸುಮಾರು ನಾಲ್ಕು ವಾರಗಳಲ್ಲಿ ಗೂಡು ಕಟ್ಟುವುದು. ಆದಕಾರಣ ಎಲ್ಲವೂ ತಿಳಿಯಲೆಂದು ಕಾದವನಿಗೆ ಬೆಳೆ ಉಳಿಯುವುದಿಲ್ಲ. ಏನೂ ತಿಳಿಯದೆ ಆತುರಪಟ್ಟವನಿಗೆ ಹಣವೂ ಬೆಳೆಯೂ ಹೋಗುವ ಸಂಭವವುಂಟು. ಇವೆರಡರ ನಡುವಣ ಮಾರ್ಗವನ್ನು ಇಲ್ಲಿ ವಿವರಿಸಿದೆ.

ಊಜಿ ನೊಣದ ನಿದರ್ಶನ.— ಬಂಗಾಳದಲ್ಲಿ ಬಹುಕಾಲದಿಂದ ಇದ್ದ ಊಜಿ ನೊಣವು 1980ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡಿತು. ಹೆಣ್ಣು ನೊಣವು ಬೆಳೆದ ಹುಳುವಿನ ಮೈಮೇಲೆ ಬಿಳಿಯ ಸಣ್ಣ ಮೊಟ್ಟೆಗಳನ್ನಿಡುವುದು. ಎರಡು ಮೂರು ದಿನಗಳಲ್ಲಿ ಮರಿಯು ಹೊರಟು ಹುಳುವಿನೊಳಗೆ ಸೇರುವುದು. ಸೇರಿದ ಸ್ಥಳದಲ್ಲಿ ಕಪ್ಪು ಮಚ್ಚೆ ಬೀಳುವುದು. ಮೊದಲೇ ತಗುಲಿದ ಹುಳು ಗೂಡು ಕಟ್ಟದೆ ಸಾಯುವುದು. ಕಡೆಗೆ ತಗುಲಿದರೆ ಮರಿಯು ಗೂಡನ್ನೇ ತೂತು ಮಾಡಿ ಹೊರಬರುವುದರಿಂದ ಅಂತಹ ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ.

ಒಂದೆರಡು ಹುಳುಗಳ ಮೇಲೆ ಕಪ್ಪು ಮಚ್ಚೆ ಕಂಡಾಗ ಅದು ಗಾಯವೋ ಊಜಿಯೋ ಎಂಬುದು ಸಂಶಯವಾಗಿಯೇ ಇರುವುದು. ಆಗ ಬೆಳೆಗಾರನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು.

1. ತಪ್ಪಿದರೆ ನಷ್ಟವೆಷ್ಟು?— ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟಲು 2,000 ರೂಪಾಯಿ ತಗುಲುವುದೆಂದೂ, ಅದು 5 ಬೆಳೆಗಳಿಗೆ ಬಾಳುವುದೆಂದೂ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಬೆಳೆಯೊಂದಕ್ಕೆ 400 ರೂಪಾಯಿ ಬಿದ್ದಂತಾಯಿತು. ನೊಣ ಬಂದರೆ 40,000 ರೂಪಾಯಿನ ಬೆಳೆಯಲ್ಲಿ ಕಾಲು ಭಾಗ, ಎಂದರೆ 10,000 ರೂಪಾಯಿ, ಹೋಗುವುದಾದರೆ, 25 ಬೆಳೆಗಳಲ್ಲಿ ಒಂದು ಹಾಗೆ ಕೆಟ್ಟರೂ ಬಲೆಯ ಖರ್ಚು ಸರಿಹೋಗುವುದು. ಬಲೆಯು ನಷ್ಟದ ಅರ್ಧವನ್ನು ಮಾತ್ರ ತಡೆದರೂ 12 ಬೆಳೆಗಳಿಗೊಮ್ಮೆ ಪೀಡೆ ಬಂದರೆ ಸಾಕು. ಆದುದರಿಂದ “ನೊಣ ಬರುವುದು ನಿಜವೇ?” ಎಂದು ಕೇಳಬೇಕಾದುದಿಲ್ಲ, “12 ಬೆಳೆಗಳಿಗೊಮ್ಮೆಯೂ ಬಾರದೆಂದು ಧೈರ್ಯವಾಗಿ ಹೇಳಬಹುದೇ?” ಎಂದು ಕೇಳಬೇಕು. ಹೇಳಲಾರದವನು ಬಲೆ ಕಟ್ಟುವುದು ಲೇಸು.

2. ಮಾಡಿದ ಕೆಲಸವನ್ನು ಹಿಂದಕ್ಕೆ ತೆಗೆದುಕೊಳ್ಳಬಹುದೇ?— ಬಲೆಯನ್ನು ಬಿಚ್ಚಬಹುದು. ಸಾಕಣೆಮನೆಯಲ್ಲಿ ಕೀಟನಾಶಕವನ್ನು ಎರಚಿದರೆ ಸತ್ತ ರೇಷ್ಮೆ ಹುಳು ಏಳುವುದಿಲ್ಲ. 2008ರಲ್ಲಿ ಪರಂಗಿಯ ಬಿಳಿ ಹಿಟ್ಟುತಿಗಣೆಯು ಕೊಯಮತ್ತೂರಿನಲ್ಲಿ ಕಂಡು, ಹಿಪ್ಪುನೇರಳೆಗೂ ಹರಡಿತು. 2010ರಲ್ಲಿ ಪೋರ್ಟೊ ರಿಕೊ ದ್ವೀಪದಿಂದ ಪರತಂತ್ರ ಕಣಜಗಳನ್ನು ತರಿಸಿ ಬಿಟ್ಟ ಮೇಲೆ ಹಾವಳಿ ಇಳಿಯಿತು. ನಡುವೆ ಹೆದರಿ ತೋಟವನ್ನೇ ಕಿತ್ತವನಿಗೆ ಆ ಉಪಾಯ ಬಂದಾಗ ಉಳಿಸುವುದಕ್ಕೆ ಏನೂ ಇರದು. ತಿಳಿವಳಿಕೆ ಮುಂದೆ ಹೆಚ್ಚುವ ಸಂಭವವಿರುವಾಗ ಹಿಂದಿರುಗಲಾರದ ಕೆಲಸವನ್ನು ಕಡೆಗೆ ಇಟ್ಟುಕೊಳ್ಳತಕ್ಕದ್ದು.

3. ಸಂಶಯವನ್ನು ಅಗ್ಗವಾಗಿ ಪರಿಹರಿಸಬಹುದೇ?— ಮಚ್ಚೆಯ ಹುಳುಗಳನ್ನು ಆರಿಸಿ, ಬೇರೆ ತಟ್ಟೆಯಲ್ಲಿ ಬಲೆಯ ಮುಚ್ಚಳದಡಿ ಇಟ್ಟು ಒಂದು ವಾರ ನೋಡಬೇಕು. ಮರಿ ಹೊರಬಂದರೆ ಊಜಿಯೆಂದು ನಿಶ್ಚಯವಾಯಿತು. ಮರಿಗಳನ್ನು ಒಡನೆ ನಾಶಮಾಡತಕ್ಕದ್ದು. ಆದರೆ ಬಲೆಯನ್ನು ಪರೀಕ್ಷೆ ಮುಗಿಯುವವರೆಗೆ ತಡೆಯದೆ ಅಂದೇ ಕಟ್ಟಬೇಕು. ಊಜಿಯು ನಿಶ್ಚಯವಾದ ಮೇಲೆ ಅದರ ಕೋಶಗಳಲ್ಲಿ ಮೊಟ್ಟೆಯಿಡುವ ನೆಸೋಲಿಂಕ್ಸ್ ಎಂಬ ಸಣ್ಣ ಕಣಜವನ್ನು ತಂದು ಬಿಡಬಹುದು.

ನೆರೆಯವರ ಪಾಲು.— ಮಾಗಡಿ ಸೀಮೆಯು ಮೈಸೂರು ತಳಿಯ ಬಿತ್ತನೆಗೂಡಿಗೆ ಹೆಸರಾದುದು. ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುವುದು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರನು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗದ ಮೊಟ್ಟೆಗಳನ್ನು ತೆಗೆದುಹಾಕುವ ಕ್ರಮವನ್ನು ತೋರಿಸಿದನು. ಸಂಶಯವಿದ್ದ ಬಿತ್ತನೆಗೂಡನ್ನು ಮರೆಮಾಚಿ ಮಾರಿದವನಿಗೆ ಒಂದು ಬೆಳೆಯ ಹಣ ದೊರೆಯಬಹುದು. ಕನಕಪುರದಲ್ಲಿಯೋ ಚನ್ನಪಟ್ಟಣದಲ್ಲಿಯೋ ಅನೇಕ ಮನೆಗಳು ಬೆಳೆ ಕಳೆದುಕೊಳ್ಳಬೇಕಾಗುವುದು. ಊಜಿ ತಗುಲಿದ ಗೂಡು ರಾಮನಗರದ ಮಾರುಕಟ್ಟೆಗೆ ಹೋದರೂ ಮರಿಗಳು ಅಲ್ಲಿಂದ ಹರಡುವುವು. ಇಂತಹ ಲೆಕ್ಕದಲ್ಲಿ ನೆರೆಯವರ ನಷ್ಟವನ್ನೂ ಸೇರಿಸತಕ್ಕದ್ದು. ಸಂಶಯವನ್ನು ಇಲಾಖೆಯವರಿಗೂ ಊರವರಿಗೂ ಮೊದಲೇ ತಿಳಿಸತಕ್ಕದ್ದು.

ಫಲವನ್ನು ನೋಡಿ ಬುದ್ಧಿಯನ್ನು ಅಳೆಯಬಾರದು.— ಬಲೆ ಕಟ್ಟಿದ ವರ್ಷ ನೊಣ ಬಾರದಿದ್ದರೆ ಖರ್ಚು ದಂಡವಾಯಿತೆಂದು ಮರುಗಬೇಕಾಗಿಲ್ಲ. ಕಟ್ಟದವನ ಬೆಳೆ ಉಳಿದರೆ ಅದು ಅವನ ಜಾಣತನವಲ್ಲ. ಕಂಡ ಲಕ್ಷಣ, ಮಾಡಿದ ಕೆಲಸ, ಬಂದ ಗೂಡಿನ ತೂಕ ಇವುಗಳನ್ನು ಪ್ರತಿ ಬೆಳೆಗೂ ಬರೆದಿಟ್ಟರೆ ಮುಂದಿನ ಸಂಶಯವು ಅಷ್ಟರಮಟ್ಟಿಗೆ ಕಡಿಮೆಯಾಗುವುದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದಕ್ಕಿಂತ, ಬೆಂಕಿ ಬೀಳುವುದೋ ಇಲ್ಲವೋ ಎಂಬುದು ತಿಳಿಯದಿರುವಾಗಲೇ ಒಂದು ಕೊಡ ನೀರನ್ನು ತುಂಬಿಡುವುದು ಬೇಸಾಯಗಾರನಿಗೆ ಒಪ್ಪುವ ವಿವೇಕವಾಗಿದೆ.